ಓವರ್‌ಡ್ರೈವ್ ಇರುವ ಲಾರಿಗೆ ಯಾವ ಕ್ರೌನ್ ಸರಿ?

ಪ್ರಶ್ನೆ: ನಾನು ಹಾಸನದವನು. ಗಾಡಿ-ಸರಕು ಸೇರಿ 28 ಟನ್ನಿನ ಹತ್ತು ಚಕ್ರದ ಹೊಸ ಲಾರಿ ಬುಕ್ ಮಾಡಬೇಕೆಂದಿದ್ದೇನೆ. ಎಂಜಿನ್ 230 ಎಚ್‌ಪಿ, 1,200ರಿಂದ 1,600 ಆರ್‌ಪಿಎಂವರೆಗೆ 850 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ). ಗೇರ್‌ಬಾಕ್ಸ್ ಒಂಬತ್ತು ಗೇರಿನದು, ಕಾಗದದಲ್ಲಿ 9.48, 6.58, 4.68, 3.48, 2.62, 1.89, 1.35, 1.00, 0.75 ಎಂದಿದೆ; ಕೊನೆಯದು ಓವರ್‌ಡ್ರೈವ್. ಟೈರ್ 10.00 ಆರ್ 20. ಹಿಂದಿನ ಆಕ್ಸಲ್‌ಗೆ 5.86 ಕ್ರೌನ್ (ಆಕ್ಸಲ್ ಒಳಗಿನ ದೊಡ್ಡ ಹಲ್ಲಿನ ಚಕ್ರ) ಬೇಕೋ 4.88 ಬೇಕೋ ಎಂದು ಕೇಳುತ್ತಿದ್ದಾರೆ. ನಮ್ಮದು ಮಂಗಳೂರು ಬಂದರಿನಿಂದ ಬೆಂಗಳೂರಿಗೆ ಫುಲ್ ಲೋಡ್, ಬರುವಾಗ ಅರ್ಧಕ್ಕರ್ಧ ಸಲ ಖಾಲಿ. ಲೋಡ್ ಗಾಡಿ ಹೆದ್ದಾರಿಯಲ್ಲಿ 55-60ರಲ್ಲಿ ಓಡುತ್ತದೆ. ಶಿರಾಡಿ ಹತ್ತಬೇಕಲ್ಲ, 5.86 ಇರಲಿ ಎನ್ನುತ್ತಾರೆ ನಮ್ಮ ಡ್ರೈವರ್. ಮೈಲೇಜ್ ಬೇಕಾದರೆ 4.88 ತಗೊಳ್ಳಿ ಎನ್ನುತ್ತಾರೆ ಶೋರೂಂನವರು. ಯಾರ ಮಾತು ಕೇಳಲಿ? ಮನೆಯಲ್ಲಿ 1613 ಮಾಡೆಲ್ಲಿನ ಹಳೆಯ ಲಾರಿಯೂ ಇದೆ. ಅದರದು ಡೈರೆಕ್ಟ್ ಟಾಪ್ (ಟಾಪ್ ಗೇರ್ 1.00), 6.83 ಕ್ರೌನ್. ಅದಕ್ಕೂ ಓವರ್‌ಡ್ರೈವ್ ಗೇರ್‌ಬಾಕ್ಸ್ ಹಾಕಿಸಬಹುದೇ?

ಉತ್ತರ: ನಿಮ್ಮ ಡ್ರೈವರ್ ಹೇಳಿದ ನಂಬರ್ ಸರಿ, ಕಾರಣ ಸರಿಯಿಲ್ಲ. ಶೋರೂಂನವರ ಕಾರಣದಲ್ಲಿ ಸತ್ಯವಿದೆ, ಆದರೆ ಅವರು ಹೇಳುವ ನಂಬರ್ ನಿಮ್ಮ ಲೋಡಿಗೆ ಹೊಂದುವುದಿಲ್ಲ. ಕ್ರೌನ್ ಒಮ್ಮೆ ಕೂತರೆ ಸಾಮಾನ್ಯವಾಗಿ ಲಾರಿ ಮಾರುವ ತನಕ ಅದೇ ಇರುತ್ತದೆ. ಹಾಗಾಗಿ ಲೆಕ್ಕವನ್ನು ಪೂರ್ತಿ ಬಿಡಿಸಿಯೇ ಹೇಳುತ್ತೇನೆ. ಕ್ಯಾಲ್ಕುಲೇಟರ್ ಹಿಡಿದು ನೀವೂ ಜೊತೆಗೆ ಮಾಡಿ ನೋಡಿ.

ಮೊದಲು ಸಂಖ್ಯೆಗಳ ಅರ್ಥ. 5.86 ಎಂದರೆ ಪ್ರೊಪೆಲ್ಲರ್ ಶಾಫ್ಟ್ (ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್‌ಗೆ ಹೋಗುವ ಉದ್ದನೆಯ ಶಾಫ್ಟ್) 5.86 ಸುತ್ತು ಸುತ್ತಿದಾಗ ಹಿಂದಿನ ಚಕ್ರ ಒಂದು ಸುತ್ತು ಸುತ್ತುತ್ತದೆ. ಕ್ರೌನಿಗೆ 41 ಹಲ್ಲು, ಅದನ್ನು ತಿರುಗಿಸುವ ಚಿಕ್ಕ ಚಕ್ರವಾದ ಪಿನಿಯನ್‌ಗೆ 7 ಹಲ್ಲು ಇದ್ದರೆ ಆ ಸಂಖ್ಯೆ ಬರುತ್ತದೆ. 39 ಮತ್ತು 8 ಇದ್ದರೆ 4.88. ಸಂಖ್ಯೆ ದೊಡ್ಡದಾದಷ್ಟೂ ಚಕ್ರಕ್ಕೆ ಸಿಗುವ ಎಳೆತ ಹೆಚ್ಚು, ಅದೇ ವೇಗಕ್ಕೆ ಎಂಜಿನ್ ಸುತ್ತುವುದೂ ಹೆಚ್ಚು. ಗೇರ್‌ಬಾಕ್ಸಿನ 0.75 ಇದರ ಉಲ್ಟಾ ಕೆಲಸ ಮಾಡುತ್ತದೆ: ಎಂಜಿನ್ ಮುಕ್ಕಾಲು ಸುತ್ತು ತಿರುಗುವಷ್ಟರಲ್ಲಿ ಶಾಫ್ಟ್ ಪೂರ್ತಿ ಒಂದು ಸುತ್ತು ತಿರುಗಿರುತ್ತದೆ. ಕೊನೆಗೆ ಚಕ್ರಕ್ಕೆ ತಲುಪುವುದು ಈ ಎರಡರ ಗುಣಲಬ್ಧ. 5.86ನ್ನು 0.75ರಿಂದ ಗುಣಿಸಿದರೆ 4.40 ಆಗುತ್ತದೆ, 4.88ನ್ನು ಗುಣಿಸಿದರೆ 3.66. ಕ್ರೌನ್ ಒಂದನ್ನೇ ನೋಡಿ, ಗೇರ್‌ಬಾಕ್ಸ್ ಒಂದನ್ನೇ ನೋಡಿ ಯಾರಾದರೂ ಸಲಹೆ ಕೊಟ್ಟರೆ ಅದು ಅರ್ಧ ಲೆಕ್ಕ.

ಇನ್ನು ಟೈರ್. 10.00 ಆರ್ 20 ಟೈರ್ ಲೋಡಿನಲ್ಲಿ ಒಂದು ಸುತ್ತಿಗೆ ಹೆಚ್ಚುಕಡಿಮೆ 3.25 ಮೀಟರ್ ಉರುಳುತ್ತದೆ. ಕಂಪನಿಯ ಪುಸ್ತಕ ಹುಡುಕುವುದೇ ಬೇಡ. ನಿಮ್ಮ ಈಗಿನ ಯಾವುದಾದರೂ ಲೋಡ್ ಗಾಡಿಯಲ್ಲಿ ಇದೇ ಅಳತೆಯ ಟೈರ್ ಇದ್ದರೆ, ಅದರ ಬದಿಗೂ ನೆಲಕ್ಕೂ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಗಾಡಿಯನ್ನು ನಿಧಾನಕ್ಕೆ ಒಂದು ಪೂರ್ತಿ ಸುತ್ತು ಮುಂದಕ್ಕೆ ಉರುಳಿಸಿ ನೆಲದ ಮೇಲೆ ಟೇಪ್ ಹಿಡಿಯಿರಿ. 3.25 ಮೀಟರ್ ಎಂದಿಟ್ಟುಕೊಂಡರೆ ಗಂಟೆಗೆ 60 ಕಿ.ಮೀ. ವೇಗದಲ್ಲಿ ಚಕ್ರ ನಿಮಿಷಕ್ಕೆ ಸುಮಾರು 308 ಸುತ್ತು ಸುತ್ತುತ್ತದೆ. ಇದನ್ನು ಕ್ರೌನಿನಿಂದ, ಆಮೇಲೆ ಗೇರಿನಿಂದ ಗುಣಿಸಿದರೆ ಎಂಜಿನ್ ಆರ್‌ಪಿಎಂ ಸಿಕ್ಕಿತು.

5.86 ಕ್ರೌನ್ ಇದ್ದರೆ 60ರ ವೇಗದಲ್ಲಿ ಓವರ್‌ಡ್ರೈವ್‌ನಲ್ಲಿ ಎಂಜಿನ್ 1,350ರ ಹತ್ತಿರ, ಡೈರೆಕ್ಟ್‌ನಲ್ಲಿ, ಅಂದರೆ 1.00ರ ಎಂಟನೇ ಗೇರಿನಲ್ಲಿ, 1,800ರ ಹತ್ತಿರ ಇರುತ್ತದೆ. 4.88 ಇದ್ದರೆ ಓವರ್‌ಡ್ರೈವ್‌ನಲ್ಲಿ 1,125, ಡೈರೆಕ್ಟ್‌ನಲ್ಲಿ 1,500. ಸರಕು ವಾಹನಕ್ಕೆ ನಾಲ್ಕು ಪಥದ ಹೆದ್ದಾರಿಯಲ್ಲಿ ಇರುವ ಗರಿಷ್ಠ ಮಿತಿ 80. ವೇಗ ನಿಯಂತ್ರಕವೂ ಅಲ್ಲಿಗೇ ನಿಲ್ಲಿಸುತ್ತದೆ. ಆ 80ರಲ್ಲಿ ಓವರ್‌ಡ್ರೈವ್‌ನ ಆರ್‌ಪಿಎಂ ಕ್ರಮವಾಗಿ 1,800 ಮತ್ತು 1,500. ಈ ನಾಲ್ಕಾರು ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಮುಂದೆಲ್ಲ ಇವೇ ಬರುತ್ತವೆ.

ಈಗ ಶಿರಾಡಿ. ಡ್ರೈವರುಗಳು ಕ್ರೌನ್ ಮಾತು ತೆಗೆದಾಗಲೆಲ್ಲ ಘಾಟಿಯೇ ಮೊದಲು ಬರುತ್ತದೆ, ಅದು ಸಹಜ. ಮಳೆಗಾಲದಲ್ಲಿ ಗುಂಡ್ಯದಿಂದ ಮೇಲಕ್ಕೆ ಲೋಡ್ ಗಾಡಿ ಹತ್ತಿಸಿದವರಿಗೆ ಆ 26 ಕಿ.ಮೀ. ಮರೆಯುವಂಥದ್ದಲ್ಲ. ಆದರೆ ಘಾಟಿಯಲ್ಲಿ ನಿಮ್ಮ ವೇಗವನ್ನು ತೀರ್ಮಾನಿಸುವುದು ಎಂಜಿನ್ನಿನ ಎಚ್‌ಪಿ, ಕ್ರೌನ್ ಅಲ್ಲ. ನೂರು ಮೀಟರಿಗೆ ಏಳು ಮೀಟರ್ ಏರುವ ರಸ್ತೆ, ಅಂದರೆ ಶೇ. 7ರ ಏರು ಎಂದಿಟ್ಟುಕೊಳ್ಳಿ. 28 ಟನ್ನನ್ನು ಆ ಏರಿನಲ್ಲಿ ಗಂಟೆಗೆ 25 ಕಿ.ಮೀ. ವೇಗದಲ್ಲಿ ಒಯ್ಯುವುದೆಂದರೆ ಭಾರವನ್ನು ಮೇಲಕ್ಕೆ ಎತ್ತುವುದಕ್ಕೇ ಸುಮಾರು 134 ಕಿಲೋವ್ಯಾಟ್ ಬೇಕು, ಟೈರುಗಳನ್ನು ಉರುಳಿಸಲು ಇನ್ನೊಂದು 15. ಒಟ್ಟು 150ರ ಹತ್ತಿರ. ನಿಮ್ಮ 230 ಎಚ್‌ಪಿ ಎಂದರೆ 170 ಕಿಲೋವ್ಯಾಟ್. ಫ್ಯಾನ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್‌ನ ಹೌಸಿಂಗ್ ತಮ್ಮ ಪಾಲು ತಿಂದ ಮೇಲೆ ಚಕ್ರಕ್ಕೆ ತಲುಪುವುದು ಅದೇ 150. ಅಲ್ಲಿಗೆ ಲೆಕ್ಕ ಮುಗಿಯಿತು. ಆ ಏರಿನಲ್ಲಿ ನಿಮ್ಮ ಲಾರಿ 25ರಲ್ಲಿ ಹತ್ತುತ್ತದೆ. ಯಾವ ಕ್ರೌನ್ ಹಾಕಿದರೂ ಅದು 35 ಆಗುವುದಿಲ್ಲ.

ಕ್ರೌನ್ ಬದಲಾದರೆ ಬದಲಾಗುವುದು ಡ್ರೈವರ್ ಕೈ ಹಿಡಿದಿರುವ ಗೇರ್ ಮಾತ್ರ. 25ರ ವೇಗಕ್ಕೆ ಚಕ್ರ ನಿಮಿಷಕ್ಕೆ 128 ಸುತ್ತು. 5.86ರಲ್ಲಿ ಐದನೇ ಗೇರ್, ಅಂದರೆ 2.62 ಹಿಡಿದರೆ ಎಂಜಿನ್ 1,965ರಲ್ಲಿ ಇರುತ್ತದೆ. 4.88ರಲ್ಲಿ ಒಂದು ಗೇರ್ ಕೆಳಗಿಳಿದು 3.48 ಹಿಡಿದರೆ 2,175ರಲ್ಲಿ ಇರುತ್ತದೆ. ಎರಡೂ ಕಡೆ ಎಂಜಿನ್ ತನ್ನ ಪೂರ್ತಿ ಶಕ್ತಿಯ ಆಸುಪಾಸಿನಲ್ಲೇ ಇದೆ, ಗಾಡಿ ಒಂದೇ ವೇಗದಲ್ಲಿ ಹತ್ತುತ್ತಿದೆ. ಒಂಬತ್ತು ಗೇರಿನ ಗೇರ್‌ಬಾಕ್ಸಿಗೆ ದುಡ್ಡು ಕೊಡುವುದೇ ಈ ಅನುಕೂಲಕ್ಕೆ.

ಹಾಗಾದರೆ ಘಾಟಿಯಲ್ಲಿ ಕ್ರೌನಿನ ಪಾತ್ರವೇ ಇಲ್ಲವೇ? ಇದೆ, ಒಂದೇ ಒಂದು ಸಂದರ್ಭದಲ್ಲಿ: ಏರಿನಲ್ಲಿ ನಿಂತ ಗಾಡಿಯನ್ನು ಮತ್ತೆ ಎಬ್ಬಿಸುವಾಗ. ಮುಂದೆ ಯಾವುದೋ ಟ್ಯಾಂಕರ್ ಕೆಟ್ಟು ನಿಂತಿದೆ, ತಿರುವಿನಲ್ಲೇ ನೀವೂ ನಿಂತಿದ್ದೀರಿ, ಹಿಂದೆ ಬಸ್ಸು. ಕ್ಲಚ್ ಬಿಡುವ ಹೊತ್ತಿನಲ್ಲಿ ಎಂಜಿನ್ 800-900 ಆರ್‌ಪಿಎಂನಲ್ಲಿ ಇರುತ್ತದೆ. ಅಲ್ಲಿ 850 ಸಿಗುವುದಿಲ್ಲ, 600 ನ್ಯೂಟನ್ ಮೀಟರ್ ಎಂದು ಹಿಡಿಯೋಣ. ಒಂದನೇ ಗೇರ್ 9.48ಕ್ಕೆ 5.86 ಸೇರಿದರೆ ಒಟ್ಟು 55.6 ಪಟ್ಟು. ಅಷ್ಟು ಎಳೆತದಲ್ಲಿ 28 ಟನ್ ಶೇ. 19ರ ಏರಿನಲ್ಲೂ ಎದ್ದು ಹೊರಡುತ್ತದೆ. 4.88ರಲ್ಲಿ 46.3 ಪಟ್ಟು, ಶೇ. 15ಕ್ಕೂ ಸ್ವಲ್ಪ ಮೇಲೆ. ಹೆದ್ದಾರಿಯ ಘಾಟಿಗೆ ಎರಡೂ ಬೇಕಾದಷ್ಟಾಯಿತು.

ಇದರಲ್ಲಿ ಇನ್ನೊಂದು ಅಂಶವಿದೆ, ಅದನ್ನು ಯಾರೂ ಹೇಳುವುದಿಲ್ಲ. ಲಿಫ್ಟ್ ಆಕ್ಸಲ್ (ಖಾಲಿಯಲ್ಲಿ ಮೇಲೆತ್ತಬಹುದಾದ ಆಕ್ಸಲ್) ಇರುವ ಹತ್ತು ಚಕ್ರದ ಲಾರಿಯಲ್ಲಿ ಎಂಜಿನ್ ತಿರುಗಿಸುವುದು ಒಂದೇ ಆಕ್ಸಲನ್ನು. 28 ಟನ್ನಿನಲ್ಲಿ ಅದರ ಮೇಲೆ ಕೂತಿರುವುದು ಹತ್ತು ಟನ್ ಚಿಲ್ಲರೆ. ಒದ್ದೆ ರಸ್ತೆಯಲ್ಲಿ, ಟೈರ್ ಸ್ವಲ್ಪ ಸವೆದಿದ್ದರೆ, ಆ ಹತ್ತು ಟನ್ನಿನ ಹಿಡಿತಕ್ಕೆ ಶೇ. 13-14ರ ಏರಿನಲ್ಲೇ ಚಕ್ರ ಜಾರಲು ಶುರುವಾಗುತ್ತದೆ. ಅಂದರೆ ಜುಲೈ ತಿಂಗಳ ಶಿರಾಡಿಯಲ್ಲಿ 5.86 ಕೊಡುವ ಹೆಚ್ಚಿನ ಎಳೆತ ರಸ್ತೆಗೆ ಇಳಿಯುವುದೇ ಇಲ್ಲ. ಅಲ್ಲಿ ನಿಮ್ಮನ್ನು ಕಾಪಾಡುವುದು ಒಳ್ಳೆಯ ಟೈರು ಮತ್ತು ಎರಡೂ ಬದಿಯ ಚಕ್ರ ಒಟ್ಟಿಗೇ ತಿರುಗುವಂತೆ ಮಾಡುವ ಡಿಫರೆನ್ಷಿಯಲ್ ಲಾಕ್. ಅದು ಇದೆಯೇ ಎಂದು ಬುಕ್ ಮಾಡುವ ಮುಂಚೆ ಕೇಳಿ. ಕ್ರೌನಿಗಿಂತ ಇದಕ್ಕೆ ಹಟ ಹಿಡಿಯುವುದು ಒಳ್ಳೆಯದು.

ಆರು ಗೇರಿನ ಗೇರ್‌ಬಾಕ್ಸಾಗಿದ್ದರೆ ನನ್ನ ಮಾತು ಬೇರೆಯಾಗುತ್ತಿತ್ತು. ಅಲ್ಲಿ ಒಂದನೇ ಗೇರ್ 6.7ರ ಹತ್ತಿರ ಇದ್ದು 4.88 ಕ್ರೌನ್ ಸೇರಿದರೆ ಇದೇ ಲೋಡಿಗೆ ಶೇ. 11ರ ಏರಿನಲ್ಲೇ ಕ್ಲಚ್ ಸುಡತೊಡಗುತ್ತದೆ. ಆಗ ಡ್ರೈವರ್ ಹೇಳುವ ಕಾರಣ ಸರಿಯಾಗುತ್ತದೆ. ಬಹುಶಃ ಅವರ ಅನುಭವ ಅಂಥ ಗಾಡಿಗಳದ್ದೇ ಇರಬೇಕು.

ಇನ್ನು ಕ್ರೌನನ್ನು ನಿಜವಾಗಿ ತೀರ್ಮಾನಿಸುವ ಜಾಗಕ್ಕೆ ಬರೋಣ. ಅದು ಸಕಲೇಶಪುರ ದಾಟಿದ ಮೇಲೆ ಇದೆ. ಆಲೂರಿನಿಂದ ಹಾಸನ, ಅಲ್ಲಿಂದ ಚನ್ನರಾಯಪಟ್ಟಣ, ಬೆಳ್ಳೂರು ಕ್ರಾಸ್, ಕುಣಿಗಲ್, ನೆಲಮಂಗಲ. ಕಾರಿನಲ್ಲಿ ಹೋಗುವವರು ಇದನ್ನು ಸಮತಟ್ಟು ರಸ್ತೆ ಎನ್ನುತ್ತಾರೆ. ಲೋಡ್ ಗಾಡಿಯವರಿಗೆ ಗೊತ್ತು, ಅದು ಸಮತಟ್ಟಲ್ಲ. ಹಳ್ಳದ ಸೇತುವೆಗೆ ಇಳಿದು ಮತ್ತೆ ಏರುವ, ಕೆರೆಯ ಬಯಲು ದಾಟಿ ದಿಣ್ಣೆಗೆ ಹತ್ತುವ ಉದ್ದುದ್ದ ಏರುಗಳು. ಶೇ. 1, ಕೆಲವೆಡೆ ಒಂದೂವರೆ. ಕಣ್ಣಿಗೆ ಕಾಣುವುದಿಲ್ಲ, ಎಕ್ಸಲರೇಟರ್ ಮೇಲಿರುವ ಕಾಲಿಗೆ ಗೊತ್ತಾಗುತ್ತದೆ. ನಿಮ್ಮ ಲಾರಿ ಹೆಚ್ಚು ಗಂಟೆ ಓಡುವುದೂ, ಹೆಚ್ಚು ಡೀಸೆಲ್ ಕುಡಿಯುವುದೂ ಇಲ್ಲೇ. ಕ್ರೌನಿಗೆ ಪರೀಕ್ಷೆ ಇಡಬೇಕಾದ್ದು ಶಿರಾಡಿಯ ಏಳು ಪರ್ಸೆಂಟಲ್ಲ, ಈ ಒಂದು ಪರ್ಸೆಂಟು.

ಲೆಕ್ಕ ನೋಡಿ. 28 ಟನ್ ಗಾಡಿ ಸಮತಟ್ಟಿನಲ್ಲಿ 60ರಲ್ಲಿ ಓಡಲು ಟೈರ್ ಉರುಳಿಸುವುದಕ್ಕೂ ಗಾಳಿ ಸೀಳುವುದಕ್ಕೂ ಸೇರಿ ಎಂಜಿನ್ನಿನಿಂದ ಸುಮಾರು 64 ಕಿಲೋವ್ಯಾಟ್ ಬೇಕು. ಶೇ. 1ರ ಏರು ಬಂದ ಕೂಡಲೇ ಇನ್ನೂ 51 ಸೇರುತ್ತದೆ, ಒಟ್ಟು 115. ಕಿಲೋವ್ಯಾಟನ್ನು 9,550ರಿಂದ ಗುಣಿಸಿ ಆರ್‌ಪಿಎಂನಿಂದ ಭಾಗಿಸಿದರೆ ಎಂಜಿನ್ ಕೊಡಬೇಕಾದ ಟಾರ್ಕ್ ಬರುತ್ತದೆ. 5.86 ಕ್ರೌನಿನಲ್ಲಿ ಓವರ್‌ಡ್ರೈವ್‌ನ 1,350 ಆರ್‌ಪಿಎಂಗೆ ಅದು 813. ನಿಮ್ಮ ಎಂಜಿನ್ನಿನಲ್ಲಿ ಅಲ್ಲಿ 850 ಇದೆ. ಗಾಡಿ ಗೇರ್ ಬದಲಿಸದೆ ಏರು ದಾಟುತ್ತದೆ, ಅಂಚಿನಲ್ಲಿ, ಆದರೆ ದಾಟುತ್ತದೆ. 4.88ರಲ್ಲಿ 1,125 ಆರ್‌ಪಿಎಂಗೆ ಬೇಕಾದ್ದು 976. ಎಂಜಿನ್ನಿನ ಗರಿಷ್ಠವೇ 850, ಅದೂ 1,200ರ ಮೇಲೆ ಮಾತ್ರ. ಗಾಡಿ ಎಳೆಯುವುದಿಲ್ಲ. ಡೈರೆಕ್ಟ್‌ಗೆ ಇಳಿಸಲೇಬೇಕು, ಇಳಿಸಿದರೆ 1,500ರಲ್ಲಿ 732 ಸಾಕಾಗುತ್ತದೆ, ಆರಾಮಾಗಿ ಎಳೆಯುತ್ತದೆ.

ಹಾಗಾದರೆ 4.88 ಹಾಕಿ, ಲೋಡಿನಲ್ಲಿ ಡೈರೆಕ್ಟ್, ಖಾಲಿಯಲ್ಲಿ ಓವರ್‌ಡ್ರೈವ್ ಎಂದು ಇಟ್ಟುಕೊಂಡರೆ ಆಗದೇ? ಇದು ಒಳ್ಳೆಯ ಪ್ರಶ್ನೆ, ಶೋರೂಂನವರ ವಾದದ ಬಲವೂ ಇಲ್ಲಿದೆ. ಡೈರೆಕ್ಟ್ ಗೇರಿನಲ್ಲಿ ಶಕ್ತಿ ಗೇರ್‌ಬಾಕ್ಸಿನ ಒಳಗೆ ನೇರವಾಗಿ ಹಾದುಹೋಗುತ್ತದೆ, ಹಲ್ಲುಗಳ ಮೇಲೆ ಭಾರ ಬೀಳುವುದಿಲ್ಲ. ಓವರ್‌ಡ್ರೈವ್‌ನಲ್ಲಿ ಎರಡು ಜೋಡಿ ಹಲ್ಲುಗಳನ್ನು ದಾಟಿ ಹೋಗಬೇಕು. ಅಲ್ಲಿ ಒಂದೆರಡು ಪರ್ಸೆಂಟ್ ಶಾಖವಾಗಿ ಸೋರುತ್ತದೆ. ಆದ್ದರಿಂದ 1,500 ಆರ್‌ಪಿಎಂ ಡೈರೆಕ್ಟ್‌ನಲ್ಲಿ ಲೋಡ್ ಒಯ್ಯುವುದು ಎಂಜಿನಿಯರಿಂಗ್ ದೃಷ್ಟಿಯಿಂದ ಅಚ್ಚುಕಟ್ಟಾದ ಕೆಲಸ. ವಾಪಸ್ ಖಾಲಿ ಬರುವಾಗ 70ರಲ್ಲಿ ಓವರ್‌ಡ್ರೈವ್ ಹಾಕಿದರೆ 1,315 ಆರ್‌ಪಿಎಂ; 5.86ರಲ್ಲಾದರೆ 1,580. ಖಾಲಿ ಗಾಡಿಯಲ್ಲಿ 4.88 ಖಂಡಿತ ಡೀಸೆಲ್ ಉಳಿಸುತ್ತದೆ.

ನನ್ನ ತಕರಾರು ಇರುವುದು ಮನುಷ್ಯ ಸ್ವಭಾವದ ಬಗ್ಗೆ. ಗೇರ್ ಲಿವರಿನಲ್ಲಿ ಒಂಬತ್ತನೆಯದು ಇದೆ ಎಂದರೆ ಡ್ರೈವರ್ ಅದನ್ನು ಹಾಕಿಯೇ ಹಾಕುತ್ತಾರೆ. ಟಾಪ್ ಗೇರಿನಲ್ಲಿ ಹೋದರೆ ಮೈಲೇಜ್ ಎನ್ನುವುದು ಎಲ್ಲರ ತಲೆಯಲ್ಲೂ ಕೂತಿದೆ. ಸಮತಟ್ಟಿನಲ್ಲಿ 1,125ರಲ್ಲಿ ಗಾಡಿ ಹೇಗೋ ಹೋಗುತ್ತಿರುತ್ತದೆ, ಏಕೆಂದರೆ ಅಲ್ಲಿ 543 ನ್ಯೂಟನ್ ಮೀಟರ್ ಸಾಕು. ಏರು ಬರುತ್ತದೆ, ಕಾಣುವುದಿಲ್ಲ, ಗೇರ್ ಇಳಿಸುವುದಿಲ್ಲ, ಎಕ್ಸಲರೇಟರ್ ಪೂರ್ತಿ ಒತ್ತುತ್ತಾರೆ. ಎಂಜಿನ್ 1,100ಕ್ಕೆ, 1,050ಕ್ಕೆ ಕುಸಿಯುತ್ತದೆ. ಆ ಆರ್‌ಪಿಎಂನಲ್ಲಿ ಟರ್ಬೊ ತಳ್ಳುವ ಗಾಳಿ ಸಾಲದು, ಒಳಗೆ ಹೋದ ಡೀಸೆಲ್‌ಗೆ ಸರಿಯಾಗಿ ಉರಿಯಲು ಆಗುವುದಿಲ್ಲ. ಪ್ರತಿ ಹೊಡೆತವೂ ಶಾಫ್ಟಿಗೆ ಬಡಿದಂತೆ ಹೋಗುತ್ತದೆ. ಕ್ಯಾಬಿನ್ನಿನಲ್ಲಿ ಕೇಳುವ ಆ ದಡದಡ ಶಬ್ದ ಕ್ಲಚ್ ಪ್ಲೇಟಿನ ಸ್ಪ್ರಿಂಗುಗಳನ್ನು, ಯೂನಿವರ್ಸಲ್ ಜಾಯಿಂಟಿನ ಕ್ರಾಸುಗಳನ್ನು, ಗೇರ್‌ಬಾಕ್ಸಿನ ಬೇರಿಂಗುಗಳನ್ನು ತಿನ್ನುತ್ತಿರುತ್ತದೆ. ಕೊನೆಗೆ 45ಕ್ಕೆ ಇಳಿದ ಮೇಲೆ ಎರಡು ಗೇರ್ ಒಟ್ಟಿಗೆ ಇಳಿಸಿ ಮತ್ತೆ ವೇಗ ಕಟ್ಟಬೇಕು. ಉಳಿಸಿದ ಡೀಸೆಲ್ ಎಲ್ಲ ಅಲ್ಲೇ ಹೋಯಿತು. ಸಂಬಳದ ಡ್ರೈವರ್ ರಾತ್ರಿ ಮೂರು ಗಂಟೆಗೆ ಕುಣಿಗಲ್ ದಾಟುತ್ತಿರುವಾಗ ಪ್ರತಿ ಏರಿಗೂ ಎಂಟಕ್ಕೆ ಇಳಿಸಿ ಒಂಬತ್ತಕ್ಕೆ ಹಾಕುತ್ತಾರೆ ಎಂದು ನಂಬಿ ಕ್ರೌನ್ ಆರಿಸುವುದು ಅವರಿಗೂ ನ್ಯಾಯವಲ್ಲ, ಎಂಜಿನ್ನಿಗೂ ನ್ಯಾಯವಲ್ಲ.

ಆದ್ದರಿಂದ 28 ಟನ್, 850 ನ್ಯೂಟನ್ ಮೀಟರ್, 55-60ರ ಓಟ, ಈ ದಾರಿ: ಇಷ್ಟಕ್ಕೆ ನನ್ನ ಉತ್ತರ 5.86. 55ರಲ್ಲೂ ಓವರ್‌ಡ್ರೈವ್‌ನ ಆರ್‌ಪಿಎಂ 1,240, ಟಾರ್ಕ್ ತುಂಬಿರುವ ಜಾಗದ ಒಳಗೇ ಇದೆ. 60ರಲ್ಲಿ 1,350. ಹೆಚ್ಚಿನ ಏರುಗಳಿಗೆ ಒಂಬತ್ತನೇ ಗೇರೇ ಸಾಕು, ದೊಡ್ಡ ದಿಣ್ಣೆಗೆ ಎಂಟು. ಡ್ರೈವರ್ ವಿಶೇಷವಾಗಿ ಏನೂ ಮಾಡದಿದ್ದರೂ ಎಂಜಿನ್ ಆರ್‌ಪಿಎಂ ಮೀಟರಿನ ಹಸಿರು ಪಟ್ಟಿಯಲ್ಲೇ ಇರುತ್ತದೆ. ಖಾಲಿ ಬರುವಾಗ ಸ್ವಲ್ಪ ಹೆಚ್ಚು ಡೀಸೆಲ್ ಹೋಗುತ್ತದೆ, ಅದನ್ನು ಒಪ್ಪಿಕೊಳ್ಳಬೇಕು. 80ರ ಓಟಕ್ಕೆ ಈ ಕ್ರೌನ್ ಹಿತವಲ್ಲ. ಖಾಲಿ ಗಾಡಿ 65ರಲ್ಲೇ ಬರಲಿ ಎಂದು ಹೇಳಿಬಿಡಿ, ಆಗ 1,465.

ಯಾವ ಪರಿಸ್ಥಿತಿಯಲ್ಲಿ 4.88 ಹೇಳುತ್ತಿದ್ದೆ? ನಿಮ್ಮದು ಪಾರ್ಸೆಲ್ ಲೋಡ್ ಆಗಿದ್ದು, ಗಾಡಿ-ಸರಕು ಸೇರಿ 18 ಟನ್ ಮೀರದೆ, ಬೆಂಗಳೂರಿನಿಂದ ತುಮಕೂರು, ಚಿತ್ರದುರ್ಗ, ಹುಬ್ಬಳ್ಳಿ ಮೇಲೆ ಪುಣೆಯ ಕಡೆಗೆ 70ರಲ್ಲಿ ಓಡುವುದಾಗಿದ್ದರೆ. ಅಲ್ಲಿ ಇದೇ ಎಂಜಿನ್ನಿಗೆ ಶೇ. 1ರ ಏರಿನಲ್ಲಿ 106 ಕಿಲೋವ್ಯಾಟ್ ಬೇಕು. 1,315 ಆರ್‌ಪಿಎಂಗೆ 770 ನ್ಯೂಟನ್ ಮೀಟರ್. ಓವರ್‌ಡ್ರೈವ್‌ನಲ್ಲೇ ದಾಟುತ್ತದೆ. ಆ ಕೆಲಸಕ್ಕೆ 5.86 ಹಾಕಿದರೆ ದಿನವಿಡೀ ಎಂಜಿನ್ನನ್ನು ಸುಮ್ಮನೆ ಓಡಿಸಿದಂತೆ. ಇದೇ ಗಾಡಿಗೆ 300 ಎಚ್‌ಪಿಯ, 1,100 ನ್ಯೂಟನ್ ಮೀಟರಿನ ಎಂಜಿನ್ ಇದ್ದರೂ ನಾನು ಚಿಕ್ಕ ಸಂಖ್ಯೆಯ ಕಡೆಗೇ ವಾಲುತ್ತಿದ್ದೆ. ಪಕ್ಕದ ಮನೆಯವರ ಗಾಡಿಗೆ ಯಾವ ಕ್ರೌನ್ ಮೈಲೇಜ್ ಕೊಟ್ಟಿತು ಎಂಬುದು ಅವರ ಲೋಡು, ಅವರ ದಾರಿ, ಅವರ ಎಂಜಿನ್ನಿನ ವಿಷಯ. ಶೋರೂಂನಲ್ಲಿ ಇವೆರಡರ ನಡುವೆ 37 ಮತ್ತು 7 ಹಲ್ಲಿನ 5.29 ಸಿಗುವುದೇ ಎಂದು ಒಮ್ಮೆ ಕೇಳಿ. ಅದರಲ್ಲಿ 60ಕ್ಕೆ 1,220 ಆಗುತ್ತದೆ. ಶೇ. 1ರ ಏರಿಗೆ ಕೂದಲೆಳೆಯಷ್ಟು ಕಡಿಮೆ ಬೀಳುತ್ತದೆ, ಖಾಲಿಯಲ್ಲಿ ಒಳ್ಳೆಯದು. ಲಾರಿಯನ್ನು ನೀವೇ ಓಡಿಸುವುದಾದರೆ ಅದನ್ನು ಧೈರ್ಯವಾಗಿ ತೆಗೆದುಕೊಳ್ಳಿ.

5.86 ತೆಗೆದುಕೊಂಡ ಮೇಲೆ ಗಮನಿಸಬೇಕಾದ ಒಂದು ವಿಷಯ: ಪ್ರೊಪೆಲ್ಲರ್ ಶಾಫ್ಟಿನ ಸುತ್ತು ಗೇರನ್ನು ಅವಲಂಬಿಸುವುದಿಲ್ಲ, ಚಕ್ರ ಮತ್ತು ಕ್ರೌನನ್ನು ಮಾತ್ರ ಅವಲಂಬಿಸುತ್ತದೆ. 60ರ ವೇಗಕ್ಕೆ ಈ ಶಾಫ್ಟ್ 1,800 ಸುತ್ತು, 80ಕ್ಕೆ 2,400. ಎಂಜಿನ್ ಮೆಲ್ಲಗೆ ಗುನುಗುತ್ತಿದೆ ಎಂದು ಶಾಫ್ಟೂ ನಿಧಾನಕ್ಕೆ ತಿರುಗುತ್ತಿದೆ ಎಂದುಕೊಳ್ಳಬಾರದು. ಸೆಂಟರ್ ಬೇರಿಂಗ್, ಜಾಯಿಂಟ್ ಕ್ರಾಸುಗಳಿಗೆ ಗ್ರೀಸ್ ತಪ್ಪಿಸಬೇಡಿ. ಶಾಫ್ಟ್ ಬಿಚ್ಚಿದಾಗ ಬಾಣದ ಗುರುತು ನೋಡಿ ಮೊದಲಿದ್ದ ಹಲ್ಲಿಗೇ ಕೂರಿಸಲು ಮೆಕ್ಯಾನಿಕ್‌ಗೆ ಹೇಳಿ. ಗುರುತು ತಪ್ಪಿದರೆ ವೈಬ್ರೇಶನ್ ಬರುತ್ತದೆ, ಅದನ್ನು ಚಕ್ರದ ಬ್ಯಾಲೆನ್ಸ್ ಎಂದು ತಿಳಿದು ತಿಂಗಳುಗಟ್ಟಲೆ ಹುಡುಕುವವರಿದ್ದಾರೆ. ಟೈರನ್ನು 11.00 ಅಳತೆಗೆ ಬದಲಿಸಿದರೆ ಸುತ್ತಳತೆ ಮೂರು ಪರ್ಸೆಂಟ್ ಹೆಚ್ಚುತ್ತದೆ, 5.86 ಹಾಕಿದ್ದು 5.69 ಆದಂತೆ. ಸ್ಪೀಡೋಮೀಟರೂ ಅಷ್ಟೇ ಕಡಿಮೆ ತೋರಿಸುತ್ತದೆ.

ಇಳಿಯುವಾಗಿನ ಮಾತು ಕ್ರೌನಿಗೆ ನೇರ ಸಂಬಂಧಿಸಿದ್ದಲ್ಲ, ಆದರೂ ಓವರ್‌ಡ್ರೈವ್ ಗಾಡಿ ಮೊದಲ ಸಲ ತಗೊಳ್ಳುವವರಿಗೆ ಹೇಳದೆ ಇರಲಾರೆ. ದೋಣಿಗಾಲ್‌ನಿಂದ ಕೆಳಗೆ ಓವರ್‌ಡ್ರೈವ್‌ನಲ್ಲಿ ಬಿಡಲೇಬಾರದು. ಎಕ್ಸಾಸ್ಟ್ ಬ್ರೇಕ್ (ಎಂಜಿನ್ನಿನ ಹೊಗೆಯ ದಾರಿ ತಡೆದು ಗಾಡಿ ನಿಧಾನಿಸುವ ಬ್ರೇಕ್) ಕೆಲಸ ಮಾಡುವುದು ಎಂಜಿನ್ ಜೋರಾಗಿ ಸುತ್ತುತ್ತಿರುವಾಗ. 1,100 ಆರ್‌ಪಿಎಂನಲ್ಲಿ ಅದರ ಹಿಡಿತ ಹೆಸರಿಗಷ್ಟೇ. ಭಾರವೆಲ್ಲ ಡ್ರಮ್ಮಿಗೆ ಬೀಳುತ್ತದೆ, ಡ್ರಮ್ ಕಾದರೆ ಬ್ರೇಕ್ ಇಲ್ಲ. ಯಾವ ಗೇರಿನಲ್ಲಿ ಹತ್ತಿದಿರೋ ಅದೇ ಗೇರ್ ಅಥವಾ ಅದಕ್ಕಿಂತ ಒಂದು ಕೆಳಗಿನದರಲ್ಲಿ ಇಳಿಯಿರಿ, ಏರಿನ ತುದಿಯಲ್ಲೇ ಗೇರ್ ಹಾಕಿಕೊಂಡು. ಡೀಸೆಲ್ ಉಳಿಸುವ ಆಸೆಗೆ ನ್ಯೂಟ್ರಲ್ ಮಾಡುವವರು ಈಗಲೂ ಇದ್ದಾರೆ. ಗೇರಿನಲ್ಲಿಟ್ಟು ಎಕ್ಸಲರೇಟರ್ ಬಿಟ್ಟರೆ ಈಗಿನ ಎಂಜಿನ್ನುಗಳಲ್ಲಿ ಡೀಸೆಲ್ ಪೂರ್ತಿ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಿ ಐಡ್ಲಿಂಗಿಗೆ ಉರಿಯುತ್ತಲೇ ಇರುತ್ತದೆ. ಜೀವ ಪಣಕ್ಕಿಟ್ಟು ಡೀಸೆಲ್ಲನ್ನೂ ಕಳೆದುಕೊಂಡಂತೆ. ದಯವಿಟ್ಟು ನಿಮ್ಮ ಡ್ರೈವರಿಗೆ ಇದನ್ನು ಕೂರಿಸಿಕೊಂಡು ಹೇಳಿ.

ಈಗ ಹಳೆಯ 1613. ಅದಕ್ಕೆ ಓವರ್‌ಡ್ರೈವ್ ಗೇರ್‌ಬಾಕ್ಸ್ ಹುಡುಕಿ ಹಾಕಿಸುವುದು ಬೇಡ. ಗೇರ್‌ಬಾಕ್ಸ್ ಬದಲಾದರೆ ಅದರ ಜೊತೆಗೆ ಮೌಂಟಿಂಗ್, ಕ್ಲಚ್, ಲಿವರಿನ ಜೋಡಣೆ, ಶಾಫ್ಟಿನ ಉದ್ದ, ಸ್ಪೀಡೋಮೀಟರ್ ಎಲ್ಲ ಬದಲಾಗುತ್ತವೆ. ಶಾಫ್ಟ್ ಕತ್ತರಿಸಿ ವೆಲ್ಡ್ ಮಾಡಿಸಿದರೆ ಬ್ಯಾಲೆನ್ಸ್ ಮಾಡುವವರು ಸಿಗುವುದು ಕಷ್ಟ. ನಿಮಗೆ ಬೇಕಿರುವುದು 60ರಲ್ಲಿ ಎಂಜಿನ್ ಕಡಿಮೆ ಸುತ್ತಬೇಕು ಎನ್ನುವುದು ತಾನೇ? 6.83ರಲ್ಲಿ ಈಗ 2,100 ಸುತ್ತುತ್ತಿದೆ. ಅದೇ ಹೌಸಿಂಗಿಗೆ ಹೊಂದುವ 5.86 ಕ್ರೌನ್-ಪಿನಿಯನ್ ಹಾಕಿಸಿದರೆ 1,800ಕ್ಕೆ ಇಳಿಯುತ್ತದೆ, ಉಳಿದದ್ದೆಲ್ಲ ಇದ್ದಂತೆಯೇ ಇರುತ್ತದೆ. ಎಲ್ಲ ಗೇರುಗಳಲ್ಲೂ ಎಳೆತ ಶೇ. 14 ಕಡಿಮೆಯಾಗುತ್ತದೆ. ಗಾಡಿ-ಸರಕು ಸೇರಿ ಅದರ ತೂಕ 16 ಟನ್ ಒಳಗೇ ಇದ್ದು ಹಾಸನದ ಸುತ್ತಮುತ್ತ, ಬೆಂಗಳೂರಿನ ಕಡೆಗೆ ಓಡುವುದಾದರೆ ಇದು ಧಾರಾಳ ಸಾಕು. ಕಾಫಿ ತೋಟದ ಒಳದಾರಿಗಳಿಗೆ, ಕಲ್ಲು ಕ್ವಾರಿಗೆ ಹೋಗುವ ಗಾಡಿಯಾಗಿದ್ದರೆ 6.83 ಹಾಗೇ ಇರಲಿ, ಕೈ ಹಚ್ಚಬೇಡಿ.

ಬದಲಿಸುವ ಮುಂಚೆ ಈಗ ಒಳಗೆ ನಿಜಕ್ಕೂ 6.83 ಇದೆಯೇ ಎಂದು ಖಾತ್ರಿ ಮಾಡಿಕೊಳ್ಳಿ. ಹಳೆಯ ಗಾಡಿ ಎಷ್ಟು ಕೈ ದಾಟಿ ಬಂದಿದೆಯೋ, ಹೌಸಿಂಗಿನ ಮೇಲಿನ ಪ್ಲೇಟ್ ಹೇಳುವುದೇ ಒಂದು, ಒಳಗಿರುವುದೇ ಒಂದು ಆಗಿರಬಹುದು. ಸಮತಟ್ಟು ನೆಲದಲ್ಲಿ ನಿಲ್ಲಿಸಿ ಮುಂದಿನ ಚಕ್ರಗಳಿಗೆ ಎರಡೂ ಕಡೆ ಮರದ ತುಂಡು ಕೊಡಿ. ಹಿಂದೆ ಒಂದು ಬದಿಯನ್ನು ಮಾತ್ರ ಜಾಕ್ ಮಾಡಿ ಸ್ಟ್ಯಾಂಡಿನ ಮೇಲೆ ಇಳಿಸಿ, ನೆಲದ ಮೇಲಿರುವ ಹಿಂದಿನ ಚಕ್ರಕ್ಕೂ ತುಂಡು ಕೊಟ್ಟು ಹ್ಯಾಂಡ್‌ಬ್ರೇಕ್ ಬಿಟ್ಟು ನ್ಯೂಟ್ರಲ್ ಮಾಡಿ. ಎತ್ತಿದ ಚಕ್ರವನ್ನು ಕೈಯಿಂದ ಸರಿಯಾಗಿ ಎರಡು ಸುತ್ತು ತಿರುಗಿಸಿ. ಇನ್ನೊಬ್ಬರು ಶಾಫ್ಟಿನ ಸುತ್ತು ಎಣಿಸಲಿ. ಒಂದು ಚಕ್ರ ನೆಲದಲ್ಲಿ ನಿಂತಿರುವುದರಿಂದ ಎತ್ತಿದ ಚಕ್ರದ ಎರಡು ಸುತ್ತು ಕ್ರೌನಿನ ಒಂದು ಸುತ್ತಿಗೆ ಸಮ. ಶಾಫ್ಟ್ ಏಳಕ್ಕೆ ಸ್ವಲ್ಪ ಕಡಿಮೆ ಸುತ್ತಿದರೆ 6.83, ಆರಕ್ಕೆ ಸ್ವಲ್ಪ ಕಡಿಮೆಯಾದರೆ ಅಲ್ಲಿ ಆಗಲೇ 5.86 ಕೂತಿದೆ.

ಕ್ರೌನ್ ಮತ್ತು ಪಿನಿಯನ್ ಜೋಡಿಯಾಗಿಯೇ ತಗೊಳ್ಳಿ, ಎರಡರ ಮೇಲೂ ಒಂದೇ ಸೆಟ್ ನಂಬರ್ ಕೆತ್ತಿರಬೇಕು. ಕಾರ್ಖಾನೆಯಲ್ಲಿ ಅವೆರಡನ್ನೂ ಒಂದಕ್ಕೊಂದು ಉಜ್ಜಿ ಹೊಂದಿಸಿರುತ್ತಾರೆ. ಬೇರೆ ಬೇರೆ ಸೆಟ್ಟಿನವು ಸೇರಿದರೆ ಕೂಗುತ್ತವೆ, ಬೇಗ ಚಕ್ಕೆ ಏಳುತ್ತವೆ. ಪಿನಿಯನ್ ಬೇರಿಂಗಿನ ಬಿಗಿಯನ್ನು ಟಾರ್ಕ್ ರೆಂಚ್ ಅಥವಾ ಸ್ಪ್ರಿಂಗ್ ಬ್ಯಾಲೆನ್ಸ್‌ನಿಂದ, ಹಲ್ಲುಗಳ ನಡುವಿನ ಸಡಿಲವನ್ನು ಡಯಲ್ ಗೇಜ್ ಇಟ್ಟು ನೋಡುವ ಮೆಕ್ಯಾನಿಕ್ ಹತ್ತಿರವೇ ಕೊಡಿ. ಬಣ್ಣ ಹಚ್ಚಿ ತಿರುಗಿಸಿ, ಹಲ್ಲಿನ ಮೇಲೆ ಗುರುತು ಎಲ್ಲಿ ಬೀಳುತ್ತದೆ ಎಂದು ನಿಮ್ಮೆದುರಿಗೇ ತೋರಿಸಲು ಕೇಳಿ: ಅಂಚಿನಲ್ಲಿ ಬೀಳಬಾರದು, ಹಲ್ಲಿನ ನಡುಭಾಗದಲ್ಲಿ ಹರಡಿರಬೇಕು. ಕಂಪನಿ ಹೇಳಿದ ಗ್ರೇಡಿನ ಹೊಸ ಗೇರ್ ಆಯಿಲ್ ತುಂಬಿಸಿ, ಮೊದಲ ಕೆಲವು ನೂರು ಕಿಲೋಮೀಟರ್ ಅರ್ಧ ಲೋಡಿನಲ್ಲೇ ಓಡಿಸಿ. ಆಗಾಗ ನಿಲ್ಲಿಸಿ ಹೌಸಿಂಗಿನ ಮೂತಿಯ ಹತ್ತಿರ ಕೈ ತಂದು ನೋಡಿ, ಕೈ ಇಡಲಾಗದಷ್ಟು ಕಾದಿದ್ದರೆ ಮುಂದೆ ಓಡಿಸದೆ ಬಿಗಿಯನ್ನು ಮತ್ತೆ ಪರೀಕ್ಷಿಸಲು ವಾಪಸ್ ಒಯ್ಯಿರಿ.